ಕ್ರಾನ್ ಕೆಲಸ ಶುರುಮಾಡುತ್ತದೆ, ಮುಗಿಯಿತೇ ಎಂದು ಕೇಳುವುದಿಲ್ಲ

ಡೆಬಿಯನ್ ಲಿನಕ್ಸ್ ಹಾಕಿದ ಸರ್ವರಿನಲ್ಲಿ ಪ್ರತಿದಿನದ ಪಾಡಿನ ಕೆಲಸಗಳಿಗೆ ನಿಗದಿಯಾಗಿರುವ ಹೊತ್ತು ಬೆಳಗಿನ 6 ಗಂಟೆ 25 ನಿಮಿಷ. ವಾರದ ಕೆಲಸಗಳಿಗೆ ಭಾನುವಾರ 6.47, ತಿಂಗಳ ಕೆಲಸಗಳಿಗೆ ಒಂದನೇ ತಾರೀಖು 6.52. ಯಾರೂ ಎದ್ದು ಗುಂಡಿ ಒತ್ತುವುದಿಲ್ಲ. ಈ ವೇಳಾಪಟ್ಟಿ ಇರುವುದು ಒಂದು ಸಾದಾ ಪಠ್ಯದ ಫೈಲಿನಲ್ಲಿ, ನಾಲ್ಕೈದು ಸಾಲುಗಳಲ್ಲಿ. ಅದನ್ನು ಓದಿಕೊಂಡು ಕೆಲಸಕ್ಕೆ ಚಾಲನೆ ಕೊಡುವ ಪ್ರೋಗ್ರಾಮಿಗೆ ಕ್ರಾನ್ ಎಂದು ಹೆಸರು. 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲೇ ಅದು ಇತ್ತು. ಇಂದು ಹೆಚ್ಚಿನ ಲಿನಕ್ಸ್‌ಗಳಲ್ಲಿ ಇರುವುದು ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್ ಅಥವಾ ಅದರಿಂದ ಕವಲೊಡೆದದ್ದು.

ನಿಮ್ಮ ಕೆಲಸವನ್ನೂ ಅದಕ್ಕೆ ಒಪ್ಪಿಸಬಹುದು: ರಾತ್ರಿ ಹೊತ್ತು ಫೋಟೊಗಳ ಬ್ಯಾಕಪ್, ಅಂಗಡಿ ಲೆಕ್ಕದ ಡೇಟಾಬೇಸಿಗೊಂದು ನಕಲು, ಹಳೆಯ ತಾತ್ಕಾಲಿಕ ಫೈಲುಗಳ ವಿಲೇವಾರಿ. ಹೊತ್ತು ಗೊತ್ತುಮಾಡುವುದು ಅರ್ಧ ಗಂಟೆಯಲ್ಲಿ ಕಲಿಯಬಹುದಾದ ವಿದ್ಯೆ. ತೊಡಕು ಇರುವುದು ಅದರಾಚೆ. ಕ್ರಾನ್ ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನನ ಹಾಗೆ. ಹೊತ್ತಿಗೆ ಸರಿಯಾಗಿ ಹೊಡೆಯುತ್ತಾನೆ, ಮೇಷ್ಟ್ರು ತರಗತಿಗೆ ಬಂದರೋ ಇಲ್ಲವೋ ಎಂಬುದು ಅವನಿಗೆ ಸಂಬಂಧಿಸಿದ್ದಲ್ಲ. ಡೆಬಿಯನ್‌ನಲ್ಲಿ ಕ್ರಾನ್ ಬರೆದಿಡುವ ಲಾಗ್ ಕೂಡ ಹಾಗೆಯೇ. ಬೇರೆ ರೀತಿ ಹೇಳದಿದ್ದರೆ ಕೆಲಸ ಶುರುವಾದದ್ದನ್ನು ಮಾತ್ರ ಅದು ದಾಖಲಿಸುತ್ತದೆ, ಮುಗಿದದ್ದನ್ನೂ ಸೋತದ್ದನ್ನೂ ಅಲ್ಲ. ಹಾಗಾಗಿ ಇಲ್ಲಿ ಸಮಯ ಬರೆಯುವ ಬಗೆಗಿಂತ ಕೆಲಸ ಕೆಟ್ಟಾಗ ಅದು ನಿಮ್ಮ ಕಿವಿಗೆ ಬೀಳುವ ಹಾಗೆ ಮಾಡುವ ಬಗೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಆಜ್ಞೆಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಐದು ಮನೆಗಳ ಸಾಲು

ಪ್ರತಿ ಬಳಕೆದಾರನಿಗೂ ತನ್ನದೇ ಒಂದು ವೇಳಾಪಟ್ಟಿ ಇರುತ್ತದೆ. ಅದಕ್ಕೆ ಕ್ರಾನ್‌ಟ್ಯಾಬ್ ಎನ್ನುತ್ತಾರೆ. ಟರ್ಮಿನಲ್‌ನಲ್ಲಿ ‘ಕ್ರಾನ್‌ಟ್ಯಾಬ್ -ಇ’ ಎಂದು ಕೊಟ್ಟರೆ ಅದು ಎಡಿಟರಿನಲ್ಲಿ ತೆರೆದುಕೊಳ್ಳುತ್ತದೆ. ‘-ಎಲ್’ ಎಂದರೆ ಇದ್ದದ್ದನ್ನು ತೋರಿಸುತ್ತದೆ. ‘-ಆರ್’ ಎಂದರೆ ಪಟ್ಟಿಯನ್ನು ಪೂರ್ತಿ ಅಳಿಸಿಹಾಕುತ್ತದೆ, ಒಂದು ಮಾತೂ ಕೇಳದೆ. ಕೀಲಿಮಣೆಯಲ್ಲಿ ಇ ಮತ್ತು ಆರ್ ಅಕ್ಕಪಕ್ಕದ ಕೀಲಿಗಳು. ಇದನ್ನು ಹೀಗೆ ವಿನ್ಯಾಸ ಮಾಡಿದ್ದು ಯಾವ ಪುಣ್ಯಾತ್ಮರೋ! ‘ಕ್ರಾನ್‌ಟ್ಯಾಬ್ -ಎಲ್’ ಕೊಟ್ಟು ಬಂದದ್ದನ್ನು ಒಂದು ಫೈಲಿನಲ್ಲಿ ಉಳಿಸಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಅಳಿಸುವಾಗ ಜತೆಗೆ ‘-ಐ’ ಸೇರಿಸಿದರೆ ಒಮ್ಮೆ ಕೇಳಿ ಅಳಿಸುತ್ತದೆ.

ಪಟ್ಟಿಯ ಒಂದು ಸಾಲು ಹೀಗಿರುತ್ತದೆ:

30 2 * * * /ಯುಎಸ್‌ಆರ್/ಲೋಕಲ್/ಬಿನ್/ಬ್ಯಾಕಪ್

ಮೊದಲ ಐದು ಮನೆಗಳು ಹೊತ್ತು, ಉಳಿದದ್ದು ಕೆಲಸ. ಎಡದಿಂದ ನಿಮಿಷ (0ರಿಂದ 59), ಗಂಟೆ (0ರಿಂದ 23), ತಾರೀಖು (1ರಿಂದ 31), ತಿಂಗಳು (1ರಿಂದ 12), ವಾರ (0ರಿಂದ 7, 0 ಮತ್ತು 7 ಎರಡೂ ಭಾನುವಾರ). ನಕ್ಷತ್ರ ಚಿಹ್ನೆ ಇದ್ದರೆ ‘ಯಾವುದಾದರೂ ಸರಿ’ ಎಂದರ್ಥ. ಮೇಲಿನ ಸಾಲು ದಿನಾ ರಾತ್ರಿ ಎರಡೂವರೆಗೆ ಬ್ಯಾಕಪ್ ಎಂಬ ಸ್ಕ್ರಿಪ್ಟನ್ನು ಓಡಿಸುತ್ತದೆ. ಅಲ್ಪವಿರಾಮ ಹಾಕಿ ಹಲವು ಬೆಲೆಗಳನ್ನೂ ಅಡ್ಡಗೆರೆ ಹಾಕಿ ವ್ಯಾಪ್ತಿಯನ್ನೂ ಕೊಡಬಹುದು: ಗಂಟೆಯ ಮನೆಯಲ್ಲಿ 9-17 ಎಂದರೆ ಕಚೇರಿಯ ಹೊತ್ತು, ವಾರದ ಮನೆಯಲ್ಲಿ 1-5 ಎಂದರೆ ಸೋಮವಾರದಿಂದ ಶುಕ್ರವಾರ. ನಿಮಿಷದ ಮನೆಯಲ್ಲಿ */15 ಎಂದರೆ ಕಾಲು ಗಂಟೆಗೊಮ್ಮೆ.

ಕ್ರಾನ್ ನಿಮಿಷಕ್ಕೊಮ್ಮೆ ಎಚ್ಚರಗೊಂಡು, ಈ ನಿಮಿಷಕ್ಕೆ ಹೊಂದುವ ಸಾಲು ಯಾವುದಾದರೂ ಇದೆಯೇ ಎಂದು ನೋಡುತ್ತದೆ. ಇದ್ದರೆ ಓಡಿಸುತ್ತದೆ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಅಷ್ಟೇ ಅದರ ಬುದ್ಧಿ. ಹಿಂದಿನ ಸಲ ಯಾವಾಗ ಓಡಿಸಿದೆ ಎಂಬ ನೆನಪು ಅದಕ್ಕಿಲ್ಲ. ಇದು ಮನಸ್ಸಿಗೆ ಬಂದರೆ ಅದರ ವಿಚಿತ್ರಗಳೆಲ್ಲ ತಿಳಿಯಾಗುತ್ತವೆ. ಉದಾಹರಣೆಗೆ */7 ಎಂದರೆ ಏಳು ನಿಮಿಷಕ್ಕೊಮ್ಮೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಅದು 0, 7, 14 ಎಂದು ಸಾಗಿ 56ಕ್ಕೆ ಬಂದು, ನಾಲ್ಕೇ ನಿಮಿಷಕ್ಕೆ ಮತ್ತೆ 0ಗೆ ಓಡುತ್ತದೆ. 60ನ್ನು ಸಮವಾಗಿ ಭಾಗಿಸದ ಯಾವ ಸಂಖ್ಯೆಗೂ ಇದೇ ಗತಿ.

ಇನ್ನೊಂದು ಹಳೆಯ ಉರುಳು ತಾರೀಖು ಮತ್ತು ವಾರದ ಮನೆಗಳದು. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಆರಕ್ಕೆ ಒಂದು ವರದಿ ಬೇಕು ಎನ್ನಿ. 0 6 1-7 * 1 ಎಂದು ಬರೆಯುವುದು ಸಹಜ: ಒಂದರಿಂದ ಏಳನೇ ತಾರೀಖಿನೊಳಗೆ, ಸೋಮವಾರ. ಆದರೆ ಈ ಎರಡು ಮನೆಗಳಲ್ಲೂ ನಿರ್ದಿಷ್ಟ ಬೆಲೆ ಇದ್ದಾಗ ಕ್ರಾನ್ ‘ಎರಡೂ ಹೊಂದಬೇಕು’ ಎನ್ನುವುದಿಲ್ಲ, ‘ಯಾವುದಾದರೊಂದು ಹೊಂದಿದರೆ ಸಾಕು’ ಎನ್ನುತ್ತದೆ. ವರದಿ ತಿಂಗಳ ಮೊದಲ ಏಳು ದಿನವೂ ಬರುತ್ತದೆ, ಆಮೇಲೆ ಪ್ರತಿ ಸೋಮವಾರವೂ ಬರುತ್ತದೆ. ಕ್ರಾನ್‌ಗೆ ಪ್ರತಿ ಸೋಮವಾರ ಎಂದಷ್ಟೇ ಹೇಳಿ, ಇವತ್ತಿನ ತಾರೀಖು 7ನ್ನು ದಾಟಿದ್ದರೆ ಸುಮ್ಮನೆ ನಿಲ್ಲುವಂತೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಬರೆದುಕೊಳ್ಳುವುದು ಇದಕ್ಕಿರುವ ರೂಢಿಯ ಪರಿಹಾರ.

ಐದು ಮನೆಗಳ ಬದಲು @ಡೈಲಿ, @ವೀಕ್ಲಿ, @ರೀಬೂಟ್ ಎಂಬ ಅಡ್ಡದಾರಿಗಳೂ ಇವೆ. @ಡೈಲಿ ಎಂದರೆ ನಡುರಾತ್ರಿ 12. ಆ ಹೊತ್ತನ್ನು ನಾನು ಆರಿಸಿಕೊಳ್ಳುವುದಿಲ್ಲ. ಒಂದು ಕಂಪ್ಯೂಟರಿನಲ್ಲಿರುವ ಎಲ್ಲರೂ, ಲೋಕದ ಎಲ್ಲ ಕಂಪ್ಯೂಟರುಗಳೂ ದುಂಡು ಹೊತ್ತನ್ನೇ ಹಿಡಿದರೆ ಡಿಸ್ಕಿಗೂ ನೆಟ್‌ವರ್ಕಿಗೂ ಒಮ್ಮೆಲೇ ನೂಕುನುಗ್ಗಲು. ವೆಬ್‌ಸೈಟುಗಳಿಗೆ ಉಚಿತವಾಗಿ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉದಾಹರಣೆ ನೋಡಿ. ಪ್ರಮಾಣಪತ್ರ ನವೀಕರಿಸುವ ಸರ್ಟ್‌ಬಾಟ್ ಎಂಬ ಸಾಧನ ಡೆಬಿಯನ್‌ನಲ್ಲಿ ದಿನಕ್ಕೆರಡು ಸಲ ಓಡುತ್ತದೆ, ಆದರೆ ಪ್ರತಿ ಸಲವೂ 12 ಗಂಟೆಯೊಳಗಿನ ಯಾವುದೋ ಯಾದೃಚ್ಛಿಕ ಕ್ಷಣಕ್ಕೆ. ಎಲ್ಲ ಸರ್ವರುಗಳೂ ಒಟ್ಟಿಗೆ ಬಾಗಿಲು ತಟ್ಟಬಾರದೆಂಬುದು ಉದ್ದೇಶ. ನಿಮ್ಮ ಬ್ಯಾಕಪ್ಪಿಗೂ 2.30ರ ಬದಲು 2.37 ಇಟ್ಟುಕೊಳ್ಳಿ, ಏನೂ ಖರ್ಚಿಲ್ಲ.

ಕೈಯಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ

ಕ್ರಾನ್ ಬಳಸಿದವರೆಲ್ಲ ಒಮ್ಮೆಯಾದರೂ ಆಡಿರುವ ಮಾತಿದು. ಟರ್ಮಿನಲ್‌ನಲ್ಲಿ ಸರಿಯಾಗಿ ನಡೆದ ಸ್ಕ್ರಿಪ್ಟು ರಾತ್ರಿ ಕ್ರಾನ್ ಓಡಿಸಿದಾಗ ಸದ್ದಿಲ್ಲದೆ ಸೋಲುತ್ತದೆ. ಕಾರಣ ಸುತ್ತಲ ಪರಿಸರ. ನೀವು ಲಾಗಿನ್ ಆದಾಗ ಲಿನಕ್ಸ್ ನಿಮಗಾಗಿ ಎಷ್ಟೋ ಸಂಗತಿಗಳನ್ನು ಅಣಿಮಾಡಿಡುತ್ತದೆ: ಆಜ್ಞೆಗಳನ್ನು ಯಾವ ಯಾವ ಫೋಲ್ಡರುಗಳಲ್ಲಿ ಹುಡುಕಬೇಕು, ಭಾಷೆ ಯಾವುದು, ಶೆಲ್ ಯಾವುದು, ನೀವು ಮಾಡಿಕೊಂಡ ಅಡ್ಡಹೆಸರುಗಳು ಯಾವುವು. ಕ್ರಾನ್ ಇವನ್ನೆಲ್ಲ ಓದುವುದಿಲ್ಲ. ಡೆಬಿಯನ್ ಮತ್ತು ಉಬುಂಟುಗಳ ಕ್ರಾನ್ ಸಾಮಾನ್ಯವಾಗಿ ಆಜ್ಞೆಗಳನ್ನು ಹುಡುಕುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎಂಬ ಎರಡೇ ಫೋಲ್ಡರುಗಳಲ್ಲಿ. ನೀವೇ ಬರೆದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿಟ್ಟ ಸ್ಕ್ರಿಪ್ಟು, ಬರೀ ಹೆಸರು ಹೇಳಿದರೆ, ಅದರ ಕಣ್ಣಿಗೆ ಬೀಳುವುದಿಲ್ಲ. ಶೆಲ್ ಕೂಡ ನೀವು ಬಳಸುವ ಬ್ಯಾಶ್ ಅಲ್ಲ, ಎಸ್‌ಎಚ್. ಬ್ಯಾಶ್‌ಗೆ ಮಾತ್ರ ಅರ್ಥವಾಗುವ ವ್ಯಾಕರಣ ಅಲ್ಲಿ ನಡೆಯದು.

ಮದ್ದು ಸರಳ. ಎಲ್ಲ ಕಡೆ ಪೂರ್ತಿ ವಿಳಾಸ ಬರೆಯಿರಿ. ಅಥವಾ ಕ್ರಾನ್‌ಟ್ಯಾಬಿನ ತಲೆಯಲ್ಲೇ ‘ಪಾತ್’ ಎಂಬ ಚರಾಂಶಕ್ಕೆ ಬೇಕಾದ ಫೋಲ್ಡರುಗಳನ್ನು ತುಂಬಿ. ಕ್ರಾನ್ ಕಾಣುವ ಪರಿಸರ ಎಂಥದು ಎಂದು ನೋಡಬೇಕಿದ್ದರೆ, ಮುಂದಿನ ಒಂದೆರಡು ನಿಮಿಷಕ್ಕೆ ‘ಎನ್ವ್’ ಆಜ್ಞೆಯನ್ನು ಗೊತ್ತುಮಾಡಿ ಅದು ಕೊಡುವುದನ್ನು ಒಂದು ಫೈಲಿಗೆ ಹರಿಸಿ. ತೆರೆದು ನೋಡಿದರೆ ನಿಮ್ಮ ಟರ್ಮಿನಲ್‌ನ ಉದ್ದನೆಯ ಪಟ್ಟಿಯ ಮುಂದೆ ಇದು ಬೆರಳೆಣಿಕೆಯ ಸಾಲು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರಲ್ಲೊಂದು ವಿಶೇಷ ಕಾಟ ಇದೆ. ಭಾಷೆಯನ್ನು ಸೂಚಿಸುವ ‘ಲ್ಯಾಂಗ್’ ಚರಾಂಶ ಕೆಲವು ವ್ಯವಸ್ಥೆಗಳಲ್ಲಿ ಕ್ರಾನ್‌ಗೆ ತಲುಪುವುದೇ ಇಲ್ಲ. ಆಗ ಪ್ರೋಗ್ರಾಮುಗಳು ಆಸ್ಕಿ ಎಂಬ 128 ಸಂಕೇತಗಳ ಹಳೆಯ ಲೋಕಕ್ಕೆ ಮರಳುತ್ತವೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಪೈಥಾನ್ 3.7ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ‘ಬ್ಯಾಕಪ್ ಮುಗಿಯಿತು’ ಎಂದು ಕನ್ನಡದಲ್ಲಿ ಮುದ್ರಿಸಹೋದ ಸ್ಕ್ರಿಪ್ಟು ಅಲ್ಲೇ ದೋಷ ಎತ್ತಿ ಸಾಯುತ್ತಿದ್ದುದು ಇದರಿಂದಲೇ. ಹಗಲು ಟರ್ಮಿನಲ್‌ನಲ್ಲಿ ಅದೇ ಸ್ಕ್ರಿಪ್ಟು ಚೆನ್ನಾಗಿಯೇ ಇರುತ್ತಿತ್ತು. 3.7ರಿಂದೀಚೆಗೆ ಪೈಥಾನ್ ಇಂಥ ಕಡೆ ತಾನಾಗಿಯೇ ಕನ್ನಡಕ್ಕೂ ಜಾಗವಿರುವ ಯುಟಿಎಫ್-8 ಸಂಕೇತಕ್ರಮಕ್ಕೆ ತಿರುಗುತ್ತದೆ. ಆದರೂ ಕಡತದ ಹೆಸರುಗಳು ಕನ್ನಡದಲ್ಲಿದ್ದರೆ, ಅಕಾರಾದಿಯಾಗಿ ಜೋಡಿಸುವ ಕೆಲಸವಿದ್ದರೆ, ಕ್ರಾನ್‌ಟ್ಯಾಬಿನ ಮೊದಲ ಸಾಲಿನಲ್ಲಿ ‘ಲ್ಯಾಂಗ್’ಗೆ ಯುಟಿಎಫ್-8 ಇರುವ ಬೆಲೆಯೊಂದನ್ನು ಕೊಟ್ಟುಬಿಡುವುದೇ ಲೇಸು.

ಶೇಕಡಾ ಚಿಹ್ನೆಯೂ ಕಾಡುತ್ತದೆ. ಬ್ಯಾಕಪ್ ಫೈಲಿನ ಹೆಸರಿಗೆ ತಾರೀಖು ಸೇರಿಸಲು ‘ಡೇಟ್’ ಆಜ್ಞೆಗೆ % ಬೇಕು. ಕ್ರಾನ್‌ಟ್ಯಾಬಿನಲ್ಲಿ % ಎಂದರೆ ಸಾಲು ಮುರಿದು ಹೊಸ ಸಾಲು. ಅದರ ಮುಂದೆ ಬರೆದದ್ದು ಆಜ್ಞೆಗೆ ಸೇರುವುದೇ ಇಲ್ಲ. ಹಿಂದೆ ಒಂದು \ ಹಾಕಿದರೆ ಸರಿಹೋಗುತ್ತದೆ. ಇಷ್ಟೆಲ್ಲ ನೆನಪಿಡುವ ಬದಲು ಕೆಲಸವನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿಟ್ಟು, ಕ್ರಾನ್ ಸಾಲಿನಲ್ಲಿ ಆ ಸ್ಕ್ರಿಪ್ಟಿನ ಪೂರ್ತಿ ವಿಳಾಸವನ್ನಷ್ಟೇ ಬರೆಯುವವನು ಜಾಣ. ಅಂದ ಹಾಗೆ, ಕ್ರಾನ್‌ಟ್ಯಾಬಿನ ಕೊನೆಯ ಸಾಲಿನ ಬಳಿಕ ಒಮ್ಮೆ ಎಂಟರ್ ಒತ್ತಿರಬೇಕು; ಇಲ್ಲದಿದ್ದರೆ ಡೆಬಿಯನ್‌ನ ಕ್ರಾನ್ ಮುನಿಸಿಕೊಳ್ಳುತ್ತದೆ.

ಸ್ಕ್ರಿಪ್ಟನ್ನು ಕ್ರಾನ್‌ಟ್ಯಾಬಿಗೆ ಸೇರಿಸುವ ಗೊಡವೆಯೇ ಬೇಡ ಎನ್ನುವವರು ಅದನ್ನು ‘ಕ್ರಾನ್ ಡಾಟ್ ಡೈಲಿ’ ಎಂಬ ಫೋಲ್ಡರಿಗೆ ಹಾಕುತ್ತಾರೆ. ಅಲ್ಲಿರುವುದೆಲ್ಲ ದಿನಕ್ಕೊಮ್ಮೆ ಓಡುತ್ತದೆ. ಎಲ್ಲವೂ ಅಲ್ಲ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಹೆಸರಿನ ನಡುವೆ ಚುಕ್ಕೆ ಇರುವ ಫೈಲುಗಳನ್ನು ಈ ವ್ಯವಸ್ಥೆ ಮುಟ್ಟುವುದಿಲ್ಲ. ‘ಬ್ಯಾಕಪ್ ಡಾಟ್ ಎಸ್‌ಎಚ್’ ಎಂದು ಶಿಸ್ತಾಗಿ ಹೆಸರಿಟ್ಟವನ ಸ್ಕ್ರಿಪ್ಟು ಅಲ್ಲಿ ವರ್ಷಗಟ್ಟಲೆ ಕೂತಿದ್ದರೂ ಒಮ್ಮೆಯೂ ಓಡುವುದಿಲ್ಲ, ದೋಷಸಂದೇಶವೂ ಇಲ್ಲ. ‘ರನ್-ಪಾರ್ಟ್ಸ್’ ಎಂಬ ಆಜ್ಞೆಗೆ ‘--ಟೆಸ್ಟ್’ ಸೇರಿಸಿ ಆ ಫೋಲ್ಡರನ್ನು ತೋರಿಸಿದರೆ ಯಾವುದು ಓಡುತ್ತದೆಂಬ ಪಟ್ಟಿ ಸಿಗುತ್ತದೆ. ನಿಮ್ಮದರ ಹೆಸರು ಅದರಲ್ಲಿದೆಯೇ ನೋಡಿಕೊಳ್ಳಿ.

ಸೋತದ್ದು ಯಾರಿಗೆ ಗೊತ್ತಾಗುತ್ತದೆ?

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ತೊಂದರೆಯೊಂದನ್ನು ಸರಿಪಡಿಸುವ ಭರದಲ್ಲಿ ತಪ್ಪು ಸರ್ವರಿನಲ್ಲಿ ಡೇಟಾಬೇಸಿನ ಫೋಲ್ಡರನ್ನು ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಎಂದು ಹೋಗಿ ನೋಡಿದರೆ ಬ್ಯಾಕಪ್ ಇಡುವ ಜಾಗ ಖಾಲಿ. ದಿನಕ್ಕೊಮ್ಮೆ ಕ್ರಾನ್ ಆ ಕೆಲಸವನ್ನು ತಪ್ಪದೆ ಓಡಿಸುತ್ತಲೇ ಇತ್ತು. ಆದರೆ ನಕಲು ತೆಗೆಯುವ ಸಾಧನ ಪೋಸ್ಟ್‌ಗ್ರೆಸ್‌ನ 9.2 ಆವೃತ್ತಿಯದು, ಡೇಟಾಬೇಸ್ 9.6ರದು, ಹೊಂದದೆ ದಿನವೂ ಸೋಲುತ್ತಿತ್ತು. ಸೋತಾಗ ಇಮೇಲ್ ಬರುವ ಏರ್ಪಾಡೂ ಇತ್ತು. ಆ ಇಮೇಲುಗಳು ದೃಢೀಕರಣದ ನಿಯಮ ಪಾಲಿಸುತ್ತಿರಲಿಲ್ಲವಾದ್ದರಿಂದ ಅಂಚೆಪೆಟ್ಟಿಗೆಯ ಕಡೆಯವರು ಅವನ್ನು ತಿರಸ್ಕರಿಸುತ್ತಿದ್ದರು. ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ಕೈಯಾರೆ ತೆಗೆದಿದ್ದ ನಕಲೊಂದು ಸಿಕ್ಕಿದ್ದರಿಂದ ಆರು ಗಂಟೆಯ ಮಾಹಿತಿಯಷ್ಟೇ ಹೋಯಿತು. ಇದನ್ನೆಲ್ಲ ಕಂಪನಿಯೇ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿತು. ಅಷ್ಟು ನುರಿತವರಿದ್ದ ಕಡೆಯೂ ಹೀಗಾಗುವುದಾದರೆ ನಮ್ಮ ಮನೆಯ ಕಂಪ್ಯೂಟರಿನ ಮಾತೇನು!

ಕ್ರಾನ್‌ನ ಮೂಲ ಪದ್ಧತಿ ಇದು: ಓಡಿದ ಕೆಲಸ ಪರದೆಗೆ ಏನನ್ನಾದರೂ ಮುದ್ರಿಸಿದರೆ ಅದನ್ನು ಆ ಬಳಕೆದಾರನಿಗೆ, ಅಥವಾ ಕ್ರಾನ್‌ಟ್ಯಾಬಿನ ‘ಮೇಲ್‌ಟು’ ಸಾಲಿನಲ್ಲಿ ಹೇಳಿದ ವಿಳಾಸಕ್ಕೆ, ಇಮೇಲ್ ಮಾಡುತ್ತದೆ. ಎಲ್ಲರೂ ಒಂದೇ ದೊಡ್ಡ ಕಂಪ್ಯೂಟರಿಗೆ ಲಾಗಿನ್ ಆಗುತ್ತಿದ್ದ ಕಾಲಕ್ಕೆ ಇದು ಸೊಗಸಾದ ಏರ್ಪಾಡು. ಇವತ್ತು ಮನೆಯ ಲ್ಯಾಪ್‌ಟಾಪಿನಲ್ಲಿ ಮೇಲ್ ಕಳಿಸುವ ವ್ಯವಸ್ಥೆಯನ್ನು ಯಾರು ಹಾಕಿಕೊಂಡಿರುತ್ತಾರೆ? ಅದಿಲ್ಲದಿದ್ದರೆ ಡೆಬಿಯನ್‌ನ ಕ್ರಾನ್ ‘ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್’ ಎಂದು ಲಾಗಿನಲ್ಲಿ ಒಂದು ಸಾಲು ಬರೆದು ಸಂದೇಶವನ್ನು ಎಸೆದುಬಿಡುತ್ತದೆ. ಇದರ ಜತೆಗೆ ಅಂತರ್ಜಾಲದಲ್ಲಿ ಸಿಗುವ ಕ್ರಾನ್ ಸಾಲುಗಳಲ್ಲಿ ಎಷ್ಟೋ, ಬಂದದ್ದನ್ನೆಲ್ಲ /ಡೆವ್/ನಲ್ ಎಂಬ ಪಾತಾಳಕ್ಕೆ ತಳ್ಳುವ ಬಾಲವನ್ನು ಹೊತ್ತಿರುತ್ತವೆ. ಅದನ್ನು ನಕಲು ಮಾಡಬೇಡಿ. ಕನಿಷ್ಠ ಒಂದು ಲಾಗ್ ಫೈಲಿಗೆ, >> ಎಂಬ ಎರಡು ಬಾಣದ ಗುರುತು ಹಾಕಿ ಸೇರಿಸುತ್ತ ಹೋಗಿ; ಕೊನೆಗೆ 2>&1 ಎಂದಿದ್ದರೆ ದೋಷಸಂದೇಶಗಳೂ ಅಲ್ಲಿಗೇ ಬರುತ್ತವೆ.

ಲಾಗ್ ಇದ್ದರೆ ಸಾಲದು, ಅದನ್ನು ನೋಡುವವರೂ ಬೇಕಲ್ಲ. ನಾನು ಮೆಚ್ಚುವ ದಾರಿ ತಿರುಗುಮುರುಗು: ಸೋತಾಗ ಕೂಗುವ ಬದಲು ಗೆದ್ದಾಗ ಸದ್ದು ಮಾಡಲಿ, ಆ ಸದ್ದು ಬಾರದಿದ್ದರೆ ನನಗೆ ಸುದ್ದಿ ಬರಲಿ. ಕೆಲಸ ಪೂರ್ತಿಯಾದ ಮೇಲೆ ಸ್ಕ್ರಿಪ್ಟಿನ ಕೊನೆಯ ಸಾಲು ಒಂದು ವೆಬ್ ವಿಳಾಸವನ್ನು ‘ಕರ್ಲ್’ ಆಜ್ಞೆಯಿಂದ ತಟ್ಟುತ್ತದೆ. ದಿನಾ ಬರುವ ಆ ತಟ್ಟು ಒಂದು ದಿನ ಬಾರದಿದ್ದರೆ ಅತ್ತಲಿನ ಸೇವೆ ನಿಮ್ಮ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ಇಂಥ ಸೇವೆಗಳು ಉಚಿತವಾಗಿಯೂ ಸಿಗುತ್ತವೆ. ವಿದ್ಯುತ್ ಹೋಗಿರಲಿ, ಡಿಸ್ಕ್ ಸತ್ತಿರಲಿ, ಕ್ರಾನೇ ನಿಂತಿರಲಿ, ಯಾರೋ ‘-ಆರ್’ ಒತ್ತಿರಲಿ, ಎಲ್ಲಕ್ಕೂ ಒಂದೇ ಎಚ್ಚರಿಕೆ ಸಾಕಾಗುತ್ತದೆ. ಸೋತಾಗ ಇಮೇಲ್ ಮಾಡುವ ಏರ್ಪಾಡಿಗೆ ಈ ಗುಣವಿಲ್ಲ; ಸತ್ತ ಕಂಪ್ಯೂಟರ್ ಇಮೇಲ್ ಮಾಡುವುದಿಲ್ಲ. ಒಂದೇ ಎಚ್ಚರ: ಶೆಲ್ ಸ್ಕ್ರಿಪ್ಟಿನಲ್ಲಿ ನಡುವಿನ ಸಾಲೊಂದು ಸೋತರೂ ಮುಂದಿನ ಸಾಲು ಓಡುತ್ತಲೇ ಇರುತ್ತದೆ. ಮೊದಲಿಗೆ ‘ಸೆಟ್ -ಇ’ ಎಂದು ಬರೆದಿದ್ದರೆ ಸಾಮಾನ್ಯವಾಗಿ ಸೋತ ಕಡೆಯೇ ನಿಲ್ಲುತ್ತದೆ. ಇಲ್ಲದಿದ್ದರೆ ಬ್ಯಾಕಪ್ ಆಗದೆಯೂ ‘ಆಯಿತು’ ಎಂಬ ತಟ್ಟು ಹೋಗುತ್ತದೆ.

ಬ್ಯಾಕಪ್‌ಗೇ ಸಂಬಂಧಿಸಿದ ಇನ್ನೊಂದು ಅಪಾಯ. ಫೋಲ್ಡರುಗಳನ್ನು ಹೊಂದಿಸಲು ಆರ್‌ಸಿಂಕ್ ಬಳಸುವವರು ‘--ಡಿಲೀಟ್’ ಸೇರಿಸುವುದುಂಟು: ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸು ಎಂದು. ಮೂಲ ಫೋಲ್ಡರು ಬೇರೊಂದು ಡಿಸ್ಕಿನಲ್ಲಿದ್ದು, ಆ ರಾತ್ರಿ ಆ ಡಿಸ್ಕ್ ಜೋಡಣೆಯಾಗಿರದಿದ್ದರೆ? ಲಿನಕ್ಸ್‌ನಲ್ಲಿ ಜೋಡಣೆಯಾಗದ ಡಿಸ್ಕಿನ ಜಾಗ ಒಂದು ಖಾಲಿ ಫೋಲ್ಡರಾಗಿ ಕಾಣುತ್ತದೆ. ಆರ್‌ಸಿಂಕ್ ಆ ಖಾಲಿತನವನ್ನು ನಿಷ್ಠೆಯಿಂದ ನಕಲು ಮಾಡುತ್ತದೆ, ಅಂದರೆ ನಿಮ್ಮ ಬ್ಯಾಕಪ್ಪನ್ನು ಗುಡಿಸಿಹಾಕುತ್ತದೆ. ಕೂತು ಮಾಡುವಾಗ ಕಣ್ಣಿಗೆ ಬೀಳುತ್ತಿದ್ದ ಎಡವಟ್ಟು ರಾತ್ರಿ ಎರಡೂವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಕ್ರಿಪ್ಟಿನ ಆರಂಭದಲ್ಲಿ ‘ಮೌಂಟ್‌ಪಾಯಿಂಟ್ -ಕ್ಯೂ’ ಎಂಬ ಆಜ್ಞೆಯಿಂದ ಎರಡೂ ಡಿಸ್ಕುಗಳಿವೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ನಿಲ್ಲಿಸಿ. ನಕಲು ಹೋಗಬೇಕಾದ ಡಿಸ್ಕ್ ಇಲ್ಲದಿದ್ದಾಗಲೂ ಇದು ಕಾಪಾಡುತ್ತದೆ. ಆ ಪರಿಸ್ಥಿತಿಯಲ್ಲಿ ಫೋಟೊಗಳೆಲ್ಲ ಲಿನಕ್ಸ್ ಇರುವ ಡಿಸ್ಕಿಗೇ ಸುರಿದು ಅದು ತುಂಬಿಹೋಗುತ್ತದೆ.

ಹಿಂದಿನ ಸಲದ ಕೆಲಸ ಮುಗಿಯುವ ಮೊದಲೇ ಮುಂದಿನದು ಶುರುವಾಗುವುದೂ ಉಂಟು, ಮುಖ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಓಡುವ ಕೆಲಸಗಳಲ್ಲಿ. ಕ್ರಾನ್‌ಗೆ ನೆನಪಿಲ್ಲವೆಂದು ಆಗಲೇ ಹೇಳಿದೆ. ಒಂದರ ಮೇಲೊಂದು ಓಡಿಸುತ್ತಲೇ ಹೋಗಿ ಕೊನೆಗೆ ಯಂತ್ರ ಉಸಿರುಗಟ್ಟುತ್ತದೆ. ಸಾಲಿನಲ್ಲಿ ಆಜ್ಞೆಗೆ ಮೊದಲು ‘ಎಫ್‌ಲಾಕ್ -ಎನ್’ ಮತ್ತು ಒಂದು ಬೀಗದ ಫೈಲಿನ ಹೆಸರು ಸೇರಿಸಿದರೆ, ಹಿಂದಿನದು ಇನ್ನೂ ಓಡುತ್ತಿದ್ದಲ್ಲಿ ಹೊಸದು ಹಿಂದಿರುಗುತ್ತದೆ.

ಯಾರ ಗಡಿಯಾರ?

ಭಾರತೀಯ ಕಾಲಮಾನ ವರ್ಷವಿಡೀ ಒಂದೇ. ಈ ವಿಷಯದಲ್ಲಿ ನಾವು ಪುಣ್ಯವಂತರು. ಆದರೆ ಬಾಡಿಗೆಗೆ ಪಡೆದ ಕ್ಲೌಡ್ ಸರ್ವರು ಮುಂಬೈನಲ್ಲೇ ಇದ್ದರೂ ಅದರ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ 30 2 ಎಂದು ಬರೆದ ಬ್ಯಾಕಪ್ ನಡೆಯುವುದು ನಮ್ಮ ಬೆಳಗಿನ ಎಂಟಕ್ಕೆ, ಗ್ರಾಹಕರು ಬರುವ ಹೊತ್ತಿಗೆ. ನಮ್ಮ ಎರಡೂವರೆ ಬೇಕಿದ್ದರೆ ಅಲ್ಲಿ 0 21 ಎಂದು ಬರೆಯಬೇಕು. ಅದು ಹಿಂದಿನ ದಿನದ ರಾತ್ರಿ ಒಂಬತ್ತು. ಹೀಗಾಗಿ ನಮ್ಮ ಸೋಮವಾರದ ನಸುಕು ಅಲ್ಲಿ ಇನ್ನೂ ಭಾನುವಾರ, ವಾರದ ಮನೆಯಲ್ಲಿ 1ರ ಬದಲು 0 ಬರಬೇಕು. ನಮ್ಮ ಒಂದನೇ ತಾರೀಖಿನ ನಸುಕು ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನ. ‘ತಿಂಗಳ ಕೊನೆಯ ದಿನ’ ಎನ್ನಲು ಕ್ರಾನ್‌ನ ಐದು ಮನೆಗಳಲ್ಲಿ ದಾರಿಯೇ ಇಲ್ಲ. ಸರ್ವರು ನಿಮ್ಮೊಬ್ಬರದೇ ಆಗಿದ್ದರೆ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯಿಂದ ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಬದಲಿಸಿ, ಕ್ರಾನನ್ನು ಒಮ್ಮೆ ನಿಲ್ಲಿಸಿ ಶುರುಮಾಡುವುದು ಸುಲಭ.

ಅಮೆರಿಕದಲ್ಲಿರುವ ಕನ್ನಡಿಗರ ಕಂಪ್ಯೂಟರಿಗೆ ಬೇರೆ ಫಜೀತಿ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಲ್ಲಿನ ಬಹುತೇಕ ಕಡೆ ಗಡಿಯಾರ ಎರಡರಿಂದ ನೇರ ಮೂರಕ್ಕೆ ಹಾರುತ್ತದೆ. ಎರಡೂವರೆ ಎಂಬ ಹೊತ್ತೇ ಆ ದಿನ ಹುಟ್ಟುವುದಿಲ್ಲ. ನವೆಂಬರಿನ ಮೊದಲ ಭಾನುವಾರ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ವಿಕ್ಸಿ ಕ್ರಾನ್ ಇದನ್ನು ತಕ್ಕಮಟ್ಟಿಗೆ ಸಂಭಾಳಿಸುತ್ತದೆ. ಆದರೂ ಒಂದರಿಂದ ಮೂರರ ನಡುವೆ ಏನನ್ನೂ ಇಡದಿರುವುದೇ ವಾಸಿ.

ಕರೆಂಟು ಹೋದ ರಾತ್ರಿ

ಎರಡೂವರೆಗೆ ಕಂಪ್ಯೂಟರು ಆರಿದ್ದರೆ ಕ್ರಾನ್ ಆ ಕೆಲಸವನ್ನು ಕೈಬಿಡುತ್ತದೆ. ಬೆಳಗ್ಗೆ ಶುರುವಾದ ಮೇಲೆ ‘ಅಯ್ಯೋ, ಬಿಟ್ಟುಹೋಯಿತಲ್ಲ’ ಎಂದು ಮತ್ತೆ ಓಡಿಸುವುದಿಲ್ಲ. ಹಗಲಿರುಳು ಉರಿಯುವ ಸರ್ವರುಗಳಿಗೆಂದು ಹುಟ್ಟಿದ ಸಾಧನವದು. ರಾತ್ರಿ ಮುಚ್ಚಿಡುವ ಲ್ಯಾಪ್‌ಟಾಪಿಗೆ, ಯುಪಿಎಸ್ ಇಲ್ಲದೆ ಲೋಡ್‌ಶೆಡ್ಡಿಂಗಿಗೆ ಸಿಕ್ಕುವ ಊರಿನ ಕಂಪ್ಯೂಟರಿಗೆ ಅದು ಹೊಂದುವುದಿಲ್ಲ.

ಈ ಕೊರತೆ ತುಂಬಲು ಬಂದದ್ದು ಅನಾಕ್ರಾನ್. ಅದು ಪ್ರತಿ ಕೆಲಸವೂ ಕೊನೆಯ ಸಲ ಯಾವ ತಾರೀಖಿಗೆ ನಡೆಯಿತೆಂದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಕಂಪ್ಯೂಟರು ಶುರುವಾದಾಗ ನೋಡಿ, ಅವಧಿ ಮೀರಿದ್ದರೆ ಕೆಲವು ನಿಮಿಷ ತಡೆದು ಓಡಿಸುತ್ತದೆ. ಅದರ ಲೆಕ್ಕವೆಲ್ಲ ದಿನಗಳಲ್ಲಿ. ಗಂಟೆ ನಿಮಿಷಗಳ ನಿಖರತೆ ಅದಕ್ಕೆ ತಿಳಿಯದು. ಉಬುಂಟು ಡೆಸ್ಕ್‌ಟಾಪಿನಲ್ಲಿ ಇದು ಇದ್ದರೆ ಮೊದಲು ಹೇಳಿದ ಆ 6.25ರ ಸಾಲು ತಾನು ಸುಮ್ಮನಿದ್ದು ಕೆಲಸವನ್ನು ಅನಾಕ್ರಾನ್‌ಗೆ ಬಿಟ್ಟುಕೊಡುತ್ತದೆ.

ಇತ್ತೀಚಿನ ದಾರಿ ಸಿಸ್ಟಂಡಿಯ ಟೈಮರುಗಳು. 2010ರಲ್ಲಿ ಬಂದ ಸಿಸ್ಟಂಡಿ ಈಗ ಹೆಚ್ಚಿನ ಲಿನಕ್ಸ್‌ಗಳಲ್ಲಿ ಎಲ್ಲ ಸೇವೆಗಳನ್ನೂ ನಡೆಸುವ ಯಜಮಾನ. ಆರ್ಚ್ ಲಿನಕ್ಸ್‌ನಲ್ಲಿ ಕ್ರಾನ್ ತಾನಾಗಿ ಬರುವುದೂ ಇಲ್ಲ. ಇಲ್ಲಿ ಒಂದು ಕೆಲಸಕ್ಕೆ ಎರಡು ಫೈಲು. ‘ಸರ್ವಿಸ್’ ಫೈಲಿನಲ್ಲಿ ಏನು ಓಡಿಸಬೇಕು, ‘ಟೈಮರ್’ ಫೈಲಿನಲ್ಲಿ ಯಾವಾಗ. ಒಂದೇ ಸಾಲಿನ ಕ್ರಾನ್‌ಗೆ ಒಗ್ಗಿದವರಿಗೆ ಇದು ಮೊದಲಿಗೆ ಅತಿ ಎನಿಸುತ್ತದೆ. ಹೊತ್ತನ್ನು ‘ಆನ್‌ಕ್ಯಾಲೆಂಡರ್’ ಎಂಬ ಸಾಲಿನಲ್ಲಿ *-*-* 02:30:00 ಎಂದು ಬರೆಯಬೇಕು: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ‘ಪರ್ಸಿಸ್ಟೆಂಟ್=ಟ್ರೂ’ ಎಂದು ಸೇರಿಸಿದರೆ ಕಂಪ್ಯೂಟರು ಆರಿದ್ದಾಗ ತಪ್ಪಿದ ಕೆಲಸ ಶುರುವಾದೊಡನೆ ನಡೆಯುತ್ತದೆ. ಐದು ರಾತ್ರಿ ತಪ್ಪಿದ್ದರೂ ಒಂದೇ ಸಲ, ಐದು ಸಲ ಅಲ್ಲ. ‘ರ‍್ಯಾಂಡಮೈಸ್ಡ್‌ಡಿಲೇಸೆಕ್’ ಎಂಬ ಸಾಲು ನೂಕುನುಗ್ಗಲು ತಪ್ಪಿಸುತ್ತದೆ.

ಕ್ರಾನ್‌ನಲ್ಲಿ ಎಡವಿದ ಕಡೆಗಳಲ್ಲೆಲ್ಲ ಟೈಮರು ನೆಟ್ಟಗೆ ನಡೆಯುತ್ತದೆಂದು ಒಪ್ಪಲೇಬೇಕು. ಇಲ್ಲಿ ವಾರ ಮತ್ತು ತಾರೀಖು ಎರಡೂ ಹೊಂದಬೇಕು, ಹಾಗಾಗಿ ‘ಮಾನ್ *-*-1..7 06:00:00’ ಎಂದರೆ ನಿಜವಾಗಿಯೂ ಮೊದಲ ಸೋಮವಾರವೇ. ಹೊತ್ತಿನ ಕೊನೆಗೆ ಏಷ್ಯಾ/ಕೋಲ್ಕತ್ತಾ ಎಂದು ಸೇರಿಸಿದರೆ ಸರ್ವರಿನ ಗಡಿಯಾರ ಏನೇ ಇರಲಿ ನಮ್ಮ ಹೊತ್ತಿಗೇ ಓಡುತ್ತದೆ. ಹಿಂದಿನದು ಓಡುತ್ತಿದ್ದರೆ ಅದೇ ಕೆಲಸವನ್ನು ಮತ್ತೊಮ್ಮೆ ಶುರುಮಾಡುವುದಿಲ್ಲ. ಮುದ್ರಿಸಿದ್ದೆಲ್ಲ ಸಿಸ್ಟಂಡಿಯ ಜರ್ನಲ್ ಎಂಬ ಲಾಗಿಗೆ ಸೇರುತ್ತದೆ. ‘ಜರ್ನಲ್‌ಸಿಟಿಎಲ್ -ಯು’ ಕೊಟ್ಟು ಸರ್ವಿಸಿನ ಹೆಸರು ಹೇಳಿದರೆ ಯಾವ ರಾತ್ರಿ ಏನಾಯಿತೆಂದು ಪೂರ್ತಿ ಓದಬಹುದು. ಸೋತರೆ ಬೇರೊಂದು ಸರ್ವಿಸನ್ನು ಓಡಿಸುವ ‘ಆನ್‌ಫೇಲ್ಯೂರ್’ ಎಂಬ ಸಾಲೂ ಇದೆ. ಬರೆದ ಹೊತ್ತು ಸರಿಯೇ ಎಂದು ‘ಸಿಸ್ಟಂಡಿ-ಅನಲೈಜ್ ಕ್ಯಾಲೆಂಡರ್’ ಆಜ್ಞೆಯನ್ನು ಕೇಳಿದರೆ ಮುಂದಿನ ಓಟ ಯಾವಾಗ ಎಂದು ಬಿಡಿಸಿ ಹೇಳುತ್ತದೆ. ಈ ಒಂದು ಸೌಕರ್ಯಕ್ಕಾಗಿಯಾದರೂ ನಾನು ಹೊಸಬರಿಗೆ ಟೈಮರನ್ನೇ ಸೂಚಿಸುತ್ತೇನೆ. ಹಳೆಯ ಸರ್ವರಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಕ್ರಾನ್ ಸಾಲನ್ನು ಕಿತ್ತು ಟೈಮರಿಗೆ ಸಾಗಿಸುವ ಉತ್ಸಾಹ ಮಾತ್ರ ಬೇಡ.

ಟೈಮರಿಗೂ ತನ್ನ ಉರುಳುಗಳಿವೆ. ಸಕ್ರಿಯಗೊಳಿಸಬೇಕಾದದ್ದು ಟೈಮರನ್ನು, ಸರ್ವಿಸನ್ನಲ್ಲ: ‘ಸಿಸ್ಟಂಸಿಟಿಎಲ್ ಎನೇಬಲ್ --ನೌ’ ಆದ ಮೇಲೆ ‘ಬ್ಯಾಕಪ್ ಡಾಟ್ ಟೈಮರ್’. ಆಡಳಿತಗಾರನಾಗದೆ ನಿಮ್ಮ ಬಳಕೆದಾರ ಖಾತೆಯಲ್ಲೇ ಮಾಡಿಕೊಂಡರೆ, ನೀವು ಲಾಗೌಟ್ ಆದಾಗ ಟೈಮರುಗಳೂ ಮಲಗುತ್ತವೆ. ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಕೊಟ್ಟು ಅದನ್ನು ತಡೆಯಬೇಕು. ಉಬುಂಟುವಿನಲ್ಲಿ ಕಂಪ್ಯೂಟರು ಶುರುಮಾಡಿದ ಕೂಡಲೇ ಏನನ್ನೋ ಇನ್‌ಸ್ಟಾಲ್ ಮಾಡಹೋಗಿ ‘ಲಾಕ್ ಸಿಗುತ್ತಿಲ್ಲ’ ಎಂಬ ಸಂದೇಶ ಕಂಡು ಗೊಣಗಿದವರು ಅನೇಕರು. ಅದೂ ಬಹುಮಟ್ಟಿಗೆ ಟೈಮರಿನದೇ ಕೆಲಸ: ತಪ್ಪಿಹೋದ ದೈನಂದಿನ ಅಪ್‌ಡೇಟ್ ಆಗತಾನೆ ಓಡುತ್ತಿರುತ್ತದೆ. ಐದು ನಿಮಿಷ ಕಾದರೆ ಬೀಗ ತಾನಾಗಿ ಬಿಡುತ್ತದೆ. ಬೀಗದ ಫೈಲನ್ನು ಅಳಿಸುವ ಸಾಹಸ ಬೇಡ.

ಬೇರೆಯವರು ನೋಡಿಕೊಳ್ಳುತ್ತಿದ್ದ ಯಂತ್ರ ನಿಮ್ಮ ಕೈಗೆ ಬಂದಾಗ ಅದರಲ್ಲಿ ಏನೇನು ತಾನಾಗಿ ಓಡುತ್ತಿದೆ ಎಂದು ಕಂಡುಹಿಡಿಯಲು ಒಂದೇ ಕಡೆ ನೋಡಿದರಾಗದು. ನಿಮ್ಮ ಹೆಸರಿನಲ್ಲಿ ‘ಕ್ರಾನ್‌ಟ್ಯಾಬ್ -ಎಲ್’ ಕೊಟ್ಟು ಖಾಲಿ ಕಂಡರೆ ನಿರಾಳವಾಗಬೇಡಿ. ರೂಟ್ ಎಂಬ ಆಡಳಿತಗಾರ ಬಳಕೆದಾರನದು ಬೇರೆ ಇರುತ್ತದೆ, ಡೇಟಾಬೇಸ್ ಮತ್ತು ವೆಬ್‌ಸರ್ವರ್ ಬಳಕೆದಾರರವು ಬೇರೆ. ಇವೆಲ್ಲ /ವಾರ್/ಸ್ಪೂಲ್/ಕ್ರಾನ್ ಫೋಲ್ಡರಿನೊಳಗೆ ಸಿಗುತ್ತವೆ. ಆಮೇಲೆ /ಇಟಿಸಿ ಫೋಲ್ಡರಿನಲ್ಲಿರುವ ಕ್ರಾನ್‌ಟ್ಯಾಬ್ ಫೈಲು, ಅಲ್ಲೇ ಇರುವ ‘ಕ್ರಾನ್ ಡಾಟ್ ಡಿ’ ಮತ್ತು ‘ಕ್ರಾನ್ ಡಾಟ್ ಡೈಲಿ’ಯ ಬಳಗ, ಅನಾಕ್ರಾನ್‌ನ ಪಟ್ಟಿ. ಟೈಮರುಗಳಿಗೆ ‘ಸಿಸ್ಟಂಸಿಟಿಎಲ್ ಲಿಸ್ಟ್-ಟೈಮರ್ಸ್ --ಆಲ್’. ಹಿಂದಿನ ಓಟ ಯಾವಾಗ, ಮುಂದಿನದು ಯಾವಾಗ ಎರಡನ್ನೂ ತೋರಿಸುತ್ತದೆ. ಕೊನೆಗೆ ‘ಎಟಿಕ್ಯೂ’ ಎಂದೂ ಒಮ್ಮೆ ಕೇಳಿ. ಇಂಥ ದಿನ ಒಂದೇ ಸಲ ಓಡಿಸು ಎಂದು ‘ಎಟಿ’ ಆಜ್ಞೆಯಿಂದ ಯಾರೋ ಸರತಿಯಲ್ಲಿ ನಿಲ್ಲಿಸಿ ಹೋದ ಕೆಲಸ ಅಲ್ಲಿ ಇನ್ನೂ ತನ್ನ ದಿನಕ್ಕಾಗಿ ಕಾದಿರಬಹುದು.